ಯಾರ ಆಯುಷ್ಯದ ಮೇಲೆ ಈ ಓಟ?

ರಾಯಚೂರು–ಲಿಂಗಸುಗೂರು ರಸ್ತೆ ಸಿರವಾರವನ್ನು ಹಾದೇ ಹೋಗುತ್ತದೆ. ಸುಗ್ಗಿ ಬಂತೆಂದರೆ ಈ ಸೀಮೆಯ ರಸ್ತೆಗಳಲ್ಲಿ ಅರ್ಧಕ್ಕರ್ಧ ಭತ್ತ ಒಣಗಿಸುವ ಕಣ. ಕಾಳಿನ ಮೇಲೆ ಬೈಕಿನ ಗಾಲಿ ಜಾರಿ, ಸವಾರ ನಾಲ್ಕು ಮಾರು ಉರುಳಿ, ಅಂಗಿ ಕೊಡವಿಕೊಂಡು ಎದ್ದನೆಂದರೆ ಚಹಾದಂಗಡಿಯಿಂದ ಬರುವುದು ಒಂದೇ ಮಾತು: ‘ಆಯುಷ್ಯ ಗಟ್ಟಿ ಇತ್ತು ಬಿಡು.’ ಹಾಗೆ ಉಳಿದ ಆಯುಷ್ಯ ಯಾರದು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬಲ್ಲಿಗೆ ಮಾತು ಹೋಗುವುದಿಲ್ಲ.

ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ ಅವರ ಕಥೆ ಅಲ್ಲಿಗೇ ಕರೆದೊಯ್ಯುತ್ತದೆ. 2013ರಲ್ಲಿ ಅಬುಧಾಬಿಯ ಮರಳುಗಾಡಿನ ರ‍್ಯಾಲಿಯಲ್ಲಿ ಅವರ ಬೈಕಿಗೆ ಬೆಂಕಿ ಬಿತ್ತು, ಕುತ್ತಿಗೆ ಸುಟ್ಟಿತು. ಎರಡೇ ವರ್ಷಕ್ಕೆ ದಕಾರ್ ರ‍್ಯಾಲಿಗೆ ಹೋಗಿ, 36ನೆಯವರಾಗಿ ಗುರಿ ಮುಟ್ಟಿ, ಆ ಸ್ಪರ್ಧೆ ಮುಗಿಸಿದ ಮೊದಲ ಭಾರತೀಯರಾದರು. 2019ರ ದಕಾರ್‌ನಲ್ಲಿ ಮತ್ತೆ ಬಿದ್ದು ಹೊರಬಂದರು. 2021ರ ಜನವರಿ 6ರಂದು ಸೌದಿ ಅರೇಬಿಯಾದಲ್ಲಿ ನಾಲ್ಕನೆಯ ಹಂತದ ಓಟದಲ್ಲಿ ಬಿದ್ದಾಗ ತಲೆಗೆ ಪೆಟ್ಟಾಯಿತು. ಹೆಲಿಕಾಪ್ಟರ್‌ನಲ್ಲಿ ರಿಯಾದ್‌ನ ಆಸ್ಪತ್ರೆಗೆ ಒಯ್ದರು. ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿಟ್ಟು ಉಳಿಸಿದರು. ದಕಾರ್‌ನಲ್ಲಿ ಅವರ ಓಟ ಅಲ್ಲಿಗೆ ನಿಂತಿತು.

ಇಂಥವರು ಹಿಂದೆ ಸರಿದಾಗ ಜನ ಎರಡು ಪಂಗಡವಾಗುತ್ತಾರೆ. ಹೆದರಿದ ಎನ್ನುವವರು ಒಂದು ಕಡೆ, ಬುದ್ಧಿ ಬಂತು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತು ಸವಾರನೊಬ್ಬನನ್ನೇ ನೋಡುತ್ತವೆ, ಅವನ ಜೀವಕ್ಕೆ ಅವನೇ ಪೂರ್ತಿ ಯಜಮಾನ ಎಂಬಂತೆ. ಇದೇ ರಾಯಚೂರು ಕಡೆಯ ಮಾನ್ವಿ ಸೀಮೆಯ ದಾಸರ ಕಥೆಗೆ ಇದು ಒಪ್ಪಿಗೆಯಿಲ್ಲ.

ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅಸಡ್ಡೆ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪ ನಿಜವಾಯಿತು, ಜೀವ ಹೋಗುವ ಸ್ಥಿತಿ ಬಂತು. ಕೊನೆಗೆ ವಿಜಯದಾಸರು ತಮ್ಮ ಶಿಷ್ಯ ಗೋಪಾಲದಾಸರ ಕಡೆಗೆ ಕೈ ತೋರಿದರು. ದೇವದುರ್ಗ ತಾಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಕೊಟ್ಟರೆಂಬುದು ಸಂಪ್ರದಾಯದ ನಂಬಿಕೆ. ಪಂಡಿತರು ಜಗನ್ನಾಥದಾಸರಾದರು, ಕನ್ನಡದಲ್ಲೇ ‘ಹರಿಕಥಾಮೃತಸಾರ’ ಬರೆದರು.

ತತ್ತ್ವದವರು ಇಲ್ಲಿ ತಕರಾರು ತೆಗೆಯಬಹುದು. ಆಯುಷ್ಯ ಹಣೆಯಲ್ಲಿ ಬರೆದದ್ದಾದರೆ ಸಾಲ ಕೊಡುವುದು ಹೇಗೆ? ಈ ದಾಸರು ಸೇರಿದ ಮಾಧ್ವ ಪಂಥದ ಉತ್ತರ ಸಿದ್ಧವಿದೆ: ಜೀವನಿಗೆ ಸ್ವತಂತ್ರ ಕರ್ತೃತ್ವವೇ ಇಲ್ಲ, ಕೊಟ್ಟವನ ಒಳಗೆ ನಿಂತು ಕೊಡಿಸುವವನು ಹರಿ. ಪವಾಡವನ್ನು ನಂಬದವರಿಗೂ ಕಥೆಯ ಲೆಕ್ಕ ಅರ್ಥವಾಗುತ್ತದೆ. ಒಬ್ಬನ ಜೀವ ಉಳಿಯಿತೆಂದರೆ ಇನ್ನೊಬ್ಬನ ಕಾಲ ಅಲ್ಲಿ ವೆಚ್ಚವಾಗಿದೆ.

ರೇಸಿನ ಇತಿಹಾಸದಲ್ಲಿ ಈ ಲೆಕ್ಕ ಕಣ್ಣಿಗೆ ಕಾಣುತ್ತದೆ. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಫಾರ್ಮುಲಾ ಒನ್ ಚಾಲಕ ನಿಕಿ ಲೌಡಾ ಅವರ ಫೆರಾರಿ ಹೊತ್ತಿ ಉರಿಯಿತು. ಅವರನ್ನು ಹೊರಗೆಳೆದವರು ಅದೇ ರೇಸಿನ ಎದುರಾಳಿಗಳು: ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್. ಆರು ವಾರಗಳಲ್ಲಿ ಲೌಡಾ ಗಾಯ ಮಾಯುವ ಮೊದಲೇ ಕಾರಿನಲ್ಲಿ ಕುಳಿತರು. ಅಕ್ಟೋಬರ್‌ನಲ್ಲಿ ಜಪಾನಿನ ಫುಜಿಯಲ್ಲಿ ಧೋ ಮಳೆ. ಎರಡು ಸುತ್ತು ಓಡಿಸಿ ಇಳಿದುಬಿಟ್ಟರು. ಒಂದೇ ಒಂದು ಅಂಕದಿಂದ ವಿಶ್ವಪಟ್ಟ ಜೇಮ್ಸ್ ಹಂಟ್ ಪಾಲಾಯಿತು. ಬೆಂಕಿಯಿಂದ ಎದ್ದು ಬಂದದ್ದಕ್ಕಿಂತ ಈ ಇಳಿಯುವಿಕೆಯೇ ಹೆಚ್ಚಿನ ಧೈರ್ಯದ್ದು ಎನಿಸುತ್ತದೆ, ಬೈದವರಿಗೇನೂ ಬರವಿರಲಿಲ್ಲ.

ದಕಾರ್‌ನಲ್ಲಿ ಈ ಲೆಕ್ಕಕ್ಕೆ ಒಂದು ನಿಯಮವೇ ಇದೆ. ಬಿದ್ದವನ ನೆರವಿಗೆ ನಿಂತ ಸವಾರ ಕಳೆದುಕೊಂಡ ಸಮಯವನ್ನು ಆಯೋಜಕರು ಅವನ ಲೆಕ್ಕಕ್ಕೆ ಮರಳಿಸುತ್ತಾರೆ. 2020ರ ಜನವರಿ 12ರಂದು ಹೀರೊ ತಂಡದ ಪೋರ್ಚುಗಲ್ ಸವಾರ ಪೌಲೊ ಗೊನ್ಸಾಲ್ವೆಸ್ ಮರಳಲ್ಲಿ ಬಿದ್ದಿದ್ದಾಗ, ಎದುರಾಳಿ ಟೋಬಿ ಪ್ರೈಸ್ ರೇಸು ಬಿಟ್ಟು ಪಕ್ಕದಲ್ಲೇ ನಿಂತರು. ಪ್ರೈಸ್‌ಗೆ ಸಮಯ ಮರಳಿತು, ಗೊನ್ಸಾಲ್ವೆಸ್ ಮರಳಲಿಲ್ಲ. ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಆ ತಂಡದಲ್ಲಿ ಸಂತೋಷ್ ಕೂಡ ಇದ್ದರು. ಮರುವರ್ಷ ಅವರು ಮತ್ತೆ ಆರಂಭದ ಗೆರೆಯಲ್ಲಿ ನಿಂತರು ಎಂಬುದನ್ನು ಹಟ ಎನ್ನಬೇಕೋ ನಿಷ್ಠೆ ಎನ್ನಬೇಕೋ, ಹೊರಗೆ ನಿಂತವರು ತೀರ್ಪು ಕೊಡುವುದು ಸುಲಭವಲ್ಲ.

ರೇಸು ಬಿಟ್ಟ ಮಾತ್ರಕ್ಕೆ ಜೀವ ಭದ್ರವಾಗುವುದೂ ಇಲ್ಲ. ಇಟಲಿಯ ಆಂದ್ರೆಯಾ ಡಿ ಚೆಸಾರಿಸ್ ಎಷ್ಟು ಕಾರು ಜಜ್ಜಿದ್ದರೆಂದರೆ, 1981ರ ಡಚ್ ರೇಸಿನಲ್ಲಿ ಮೆಕ್ಲಾರೆನ್ ತಂಡವೇ ಅವರನ್ನು ಓಡಲು ಬಿಡಲಿಲ್ಲ. ಗೆಲುವಿಲ್ಲದ 208 ರೇಸುಗಳ ನಂತರ, 1994ರಲ್ಲಿ, ಜೀವ ಉಳಿಸಿಕೊಂಡೇ ಫಾರ್ಮುಲಾ ಒನ್ ಬಿಟ್ಟರು. 2014ರ ಅಕ್ಟೋಬರ್ 5ರಂದು ರೋಮ್‌ನ ಹೊರವರ್ತುಲ ರಸ್ತೆಯಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಹಣೆಬರಹದ ಪಕ್ಷದವರಿಗೆ ಇದು ಕೈಗೆ ಸಿಕ್ಕ ಸಾಕ್ಷಿ. ಆದರೆ ಇದೇ ಸಾಕ್ಷಿ ಹಿಡಿದು ಹೆಲ್ಮೆಟ್ ಬೇಡ ಎನ್ನುವವನಿಗೆ ದಾಸರ ಕಥೆಯಲ್ಲಿ ಜಾಗವಿಲ್ಲ. ಅಲ್ಲಿ ಸಾವನ್ನು ತಡೆಯಲು ಒಬ್ಬ ಗುರು, ಒಬ್ಬ ಶಿಷ್ಯ ಇಬ್ಬರೂ ಕೈ ಹಚ್ಚಿದ್ದಾರೆ.

ಗೋಪಾಲದಾಸರು 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ ಹೋದರು. ಜಗನ್ನಾಥದಾಸರು 1809ರವರೆಗೆ ಇದ್ದರು. ಪಡೆದವರು ಆ ವರ್ಷಗಳಲ್ಲಿ ಹಳೆಯ ಪಾಂಡಿತ್ಯವನ್ನು ಬಿಸಾಡಲಿಲ್ಲ ಎಂಬುದು ಗಮನಿಸತಕ್ಕದ್ದು. ಅದೇ ಶಾಸ್ತ್ರವನ್ನು ಭಾಮಿನಿ ಷಟ್ಪದಿಗೆ ಇಳಿಸಿ, ತಾವು ಹೀಗಳೆದ ಜನರ ಬಾಯಿಗೆ ಕೊಟ್ಟರು. ಸಂತೋಷ್ ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್ ಎಂಬ ತರಬೇತಿ ಮೈದಾನ ಕಟ್ಟಿದ್ದಾರೆ, ಕೊನೆಯ ಆ ಪೆಟ್ಟಿಗೂ ಎಷ್ಟೋ ಮೊದಲೇ. ಮಣ್ಣಿನ ದಾರಿಯಲ್ಲಿ ಬೈಕು ಓಡಿಸುವುದನ್ನು ಅಲ್ಲಿ ಕಲಿಸುತ್ತಾರೆ. ಕಲಿತವರಲ್ಲಿ ಯಾರಾದರೂ ಒಂದು ದಿನ ದಕಾರ್‌ಗೆ ಹೊರಟರೆ ಸಂತೋಷ್ ಆ ಓಟವನ್ನು ಬಿಟ್ಟಂತಾಯಿತೇ, ಇಲ್ಲವೇ ಎಂಬುದು ಮಾನ್ವಿಯ ಜಗುಲಿಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ವಾದಿಸಬಹುದಾದ ಸಂಗತಿ.