ಕಾಯಿಸಿದವನ ಋಣ

ಬಾಗಿಲಿಗೆ ಬಂದವನನ್ನು ಒಳಗೆ ಕರೆಯದೆ, ಹೋಗೆಂದೂ ಹೇಳದೆ, ಹಾಗೆಯೆ ನಿಲ್ಲಿಸಿಕೊಂಡರೆ ಮನೆಯ ಯಜಮಾನನಿಗೆ ದೋಷವುಂಟೆ? ಉಂಟಾದರೆ ಅದು ಯಾವ ಬಗೆಯ ದೋಷ? ಕೇಳುವುದಕ್ಕೆ ಸಣ್ಣದಾಗಿ ತೋರುವ ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಸಣ್ಣದೆಂದು ಎಣಿಸಲಿಲ್ಲ. ಕಠೋಪನಿಷತ್ತಿನ ಕಥೆಯು ವಾಚಕರಿಗೆ ತಿಳಿದದ್ದೆ. ತಂದೆಯ ಕೋಪದ ಮಾತಿನಿಂದ ಯಮನ ಮನೆಗೆ ಹೋದ ನಚಿಕೇತನು ಅಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಾದನು. ಯಮನು ಬಂದೊಡನೆ, ಬಾಲಕನು ಏತಕ್ಕೆ ಬಂದನೆಂದು ವಿಚಾರಿಸುವುದಕ್ಕೂ ಮೊದಲೆ, ಒಂದೊಂದು ರಾತ್ರಿಗೆ ಒಂದೊಂದರಂತೆ ಮೂರು ವರಗಳನ್ನು ಕೊಡಲೊಪ್ಪಿದನು. ಪಾಠಶಾಲೆಯಲ್ಲಿ ನಾವು ಈ ಗ್ರಂಥವನ್ನು ಓದುವಾಗ ಗುರುಗಳು ಮೂರನೆಯ ವರದ ಕಡೆಗೆ, ಎಂದರೆ ಆತ್ಮವಿಚಾರದ ಕಡೆಗೆ, ಬೇಗನೆ ನಡೆದುಬಿಡುತ್ತಿದ್ದರು. ವರಗಳ ಲೆಕ್ಕವು ಹುಟ್ಟಿದ್ದೆಲ್ಲಿಂದ ಎಂದು ಯಾರೂ ತಡೆದು ಕೇಳುತ್ತಿರಲಿಲ್ಲ. ಕೇಳತಕ್ಕ ವಿಷಯವದು. ಯಮನು ನಚಿಕೇತನನ್ನು ಕರೆಸಿಕೊಂಡಿರಲಿಲ್ಲ. ಬೇಕೆಂದು ಕಾಯಿಸಿದವನೂ ಅಲ್ಲ, ಮನೆಯಲ್ಲಿರಲಿಲ್ಲ, ಅಷ್ಟೆ. ಆದರೂ ‘ನಾನು ಕರೆಯಲಿಲ್ಲ, ನೀನಾಗಿ ಬಂದೆ’ ಎಂಬ ಸಮಾಧಾನವನ್ನು ಅವನು ಹೇಳಿಕೊಳ್ಳಲಿಲ್ಲ. ಕಾದ ಕಾಲವೆ ಒಂದು ಋಣ, ಅದನ್ನು ಕಾಯಿಸಿದವನು ತೀರಿಸತಕ್ಕದ್ದು ಎಂದು ಒಪ್ಪಿಕೊಂಡನು.

ಈ ಹಳೆಯ ಕಥೆಯನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಮಗನೋ ಮಗಳೋ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿರುವ ಮನೆಗಳು ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಈಗ ವಿರಳವಲ್ಲ. ಅಲ್ಲಿಂದ ಬರುವ ಹಣದ ಮಾತನ್ನು, ಅಲ್ಲಿನ ಹಿಮದ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಆ ಮಕ್ಕಳು ಯಾವ ಹಕ್ಕಿನ ಮೇಲೆ ಅಲ್ಲಿ ನಿಂತಿದ್ದಾರೆಂಬುದನ್ನು ಹೆತ್ತವರಲ್ಲಿಯೂ ಹಲವರು ಸರಿಯಾಗಿ ಬಲ್ಲವರಲ್ಲ. ಆದುದರಿಂದ ಅದನ್ನು ಸ್ವಲ್ಪ ವಿಸ್ತರಿಸಿಯೆ ಹೇಳಬೇಕಾಗಿದೆ.

ಕಂಪ್ಯೂಟರು ಮೊದಲಾದ ವಿದ್ಯೆಗಳನ್ನು ಕಲಿತು ಹೋದವರಲ್ಲಿ ಬಹುಮಂದಿಗೆ ದೊರೆಯುವುದು ಎಚ್1ಬಿ ಎಂಬ ಪರವಾನಗಿ. 1990ರ ಕಾನೂನಿನಿಂದ ಈಗಿನ ರೂಪಕ್ಕೆ ಬಂದ ಇದು ವರ್ಷಕ್ಕೆ 65,000 ಮಂದಿಗೆ, ಅಲ್ಲಿಯೆ ಉನ್ನತ ಪದವಿ ಪಡೆದವರಾದರೆ ಇನ್ನು 20,000 ಮಂದಿಗೆ ಸಿಕ್ಕುತ್ತದೆ. ಅರ್ಜಿಗಳು ಹೆಚ್ಚಾದಾಗ ಚೀಟಿಯೆತ್ತುವರು. ಅರ್ಜಿಯನ್ನು ಹಾಕತಕ್ಕವನು ಕೆಲಸಗಾರನಲ್ಲ, ಅವನ ಯಜಮಾನ. ಒಂದು ಸಲಕ್ಕೆ ಮೂರು ವರ್ಷ; ಒಟ್ಟು ಆರು ವರ್ಷ. ನಮ್ಮ ವಿದ್ಯಾಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಇವನು ಹಂಗಾಮಿ ಮೇಷ್ಟ್ರು. ಖಾಯಮಾಗಬೇಕಾದರೆ ‘ಗ್ರೀನ್ ಕಾರ್ಡ್’ ಎಂಬ ನೆಲಸಿಕೆಯ ಪತ್ರವು ಬರಬೇಕು. ಅದಕ್ಕೆ ಅರ್ಜಿಯಾಗಿ ಮೊದಲ ಹಂತಗಳು ದಾಟಿದ್ದರೆ, ಆರು ವರ್ಷ ಮೀರಿದರೂ ಹಂಗಾಮಿಯಾಗಿಯೆ ಮುಂದುವರಿಯಬಹುದೆಂದು 2000ದ ಕಾನೂನು ಅವಕಾಶ ಕೊಟ್ಟಿತು. ಅದು ದಯೆಯಿಂದ ಕೊಟ್ಟದ್ದೆ. ಆದರೆ ಹಂಗಾಮಿತನಕ್ಕೆ ಕೊನೆಯೆಂಬುದು ಇಲ್ಲವಾದದ್ದು ಆ ದಯೆಯಿಂದಲೆ.

ನೆಲಸಿಕೆಯ ಪತ್ರಗಳಲ್ಲಿ ಉದ್ಯೋಗದ ಮೂಲಕ ಸಿಕ್ಕುವವು ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳ ಲೆಕ್ಕವೂ ಇದರೊಳಗೆ ಸೇರಿದ್ದು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಇದರಲ್ಲಿ ನೂರಕ್ಕೆ ಏಳು ಪಾಲಿಗಿಂತ ಹೆಚ್ಚು ಸಲ್ಲದೆಂದು ನಿಯಮ. ಕೇಳುವುದಕ್ಕೆ ಸಮದೃಷ್ಟಿಯಂತೆಯೆ ಇದೆ. ಸಂತರ್ಪಣೆಯಲ್ಲಿ ಐದು ಜನ ಕುಳಿತ ಪಂಕ್ತಿಗೂ ಐನೂರು ಜನ ಕುಳಿತ ಪಂಕ್ತಿಗೂ ಒಂದೊಂದೆ ಕೊಳಗದಪ್ಪಲೆ ಅನ್ನವನ್ನು ಇಳಿಸಿ, ‘ನೋಡಿ, ಭೇದವೆಣಿಸಲಿಲ್ಲ’ ಎಂದರೆ ಎಷ್ಟು ಸಮವೋ ಇದೂ ಅಷ್ಟೆ ಸಮ. ಇದಕ್ಕಿಂತ ವಿಚಿತ್ರವಾದದ್ದು, ಎಣಿಕೆಗೆ ಬರುವುದು ಪೌರತ್ವವಲ್ಲ, ಜನ್ಮಸ್ಥಳ. ಒಬ್ಬನು ಏನು ಕಲಿತನು, ಏನು ಮಾಡಿದನು, ಎಷ್ಟು ತೆರಿಗೆ ತೆತ್ತನು ಎಂಬುದೊಂದೂ ಆ ಸಾಲಿನಲ್ಲಿ ಅವನನ್ನು ಮುಂದಕ್ಕೆ ತಾರದು. ಹುಟ್ಟಿದ ಊರು ಮಾತ್ರ ಹಿಂದಕ್ಕೆ ತಳ್ಳುವುದು. ಜನ್ಮದಿಂದ ತಾರತಮ್ಯ ಮಾಡಿದಿರೆಂದು ನಮ್ಮನ್ನು ಬಯ್ದವರೆಲ್ಲ ಬಯ್ದದ್ದು ಸರಿಯೆ, ಅದಕ್ಕೆ ನಾವು ಅರ್ಹರು. ಬಯ್ದವರ ಮನೆಯಲ್ಲಿಯೂ ಅದೊಂದು ಮೂಲೆಯಲ್ಲಿ ಉಳಿದುಕೊಂಡಿರುವುದನ್ನು ಕಂಡಾಗ ಸ್ವಲ್ಪ ಆಶ್ಚರ್ಯವಾಗುತ್ತದೆ.

ಸಾಲು ಎಲ್ಲಿಗೆ ಬಂದಿತೆಂಬುದನ್ನು ತಿಂಗಳಿಗೊಮ್ಮೆ ಅಲ್ಲಿನ ಸರಕಾರವು ಒಂದು ಪತ್ರಿಕೆಯಲ್ಲಿ ಪ್ರಕಟಿಸುವುದು. ಇಂತಹ ತಾರೀಖಿಗೆ ಮೊದಲು ಅರ್ಜಿ ಹಾಕಿದವರ ಸರದಿ ಬಂದಿದೆ, ಎಂದು. ಇದೂ ಒಂದು ಬಗೆಯ ಪಂಚಾಂಗ. ಆದರೆ ನಮ್ಮ ಪಂಚಾಂಗದಲ್ಲಿ ದಿನವು ಮುಂದಕ್ಕೆ ಹೋಗುವುದೆಂಬ ಒಂದು ಭರವಸೆಯಾದರೂ ಇದೆ. ಭಾರತದಲ್ಲಿ ಹುಟ್ಟಿದ ಎರಡನೆಯ ವರ್ಗದ ಉದ್ಯೋಗಿಗಳಿಗೆ 2022ರ ಸೆಪ್ಟೆಂಬರಿನಲ್ಲಿ 2014ರ ಡಿಸೆಂಬರ್ 1 ಎಂದು ತೋರಿಸಿದ ಪತ್ರಿಕೆಯು, ಮಾರನೆಯ ತಿಂಗಳೆ 2012ರ ಏಪ್ರಿಲ್ 1 ಎಂದು ತೋರಿಸಿತು. ಆ ವರ್ಷ ಮುಗಿಯುವುದರೊಳಗೆ ಅದು 2011ರ ಅಕ್ಟೋಬರಿಗೆ ಇಳಿದಿತ್ತು. ಜ್ಯೋತಿಷದಲ್ಲಿ ಗ್ರಹವು ಹಿಂದಕ್ಕೆ ಚಲಿಸಿದಂತೆ ತೋರುವುದನ್ನು ವಕ್ರಗತಿಯೆನ್ನುವರು. ಶನಿಯಾದರೂ ವರ್ಷದಲ್ಲಿ ನಾಲ್ಕೂವರೆ ತಿಂಗಳು ವಕ್ರನಾಗಿ ಮರಳಿ ನೇರವಾಗುವನು. 2025ರ ಮಧ್ಯದಲ್ಲಿ ಈ ಪತ್ರಿಕೆಯು 2013ರ ಜನವರಿ 1ರ ಬಳಿ ನಿಂತಿತ್ತು. ಎಂದರೆ, ಮೂರು ವರ್ಷ ಕಳೆದ ಮೇಲೆಯೂ ಅದು ಮೊದಲು ಮುಟ್ಟಿದ್ದ ಜಾಗಕ್ಕೆ ಹಿಂದಿರುಗಿರಲಿಲ್ಲ.

ಇಷ್ಟು ಕಾಲ ಕಾಯುವಾಗ ಬಾಳು ನಿಂತಿರುವುದೆ? ಮನೆ ಮಾಡಬೇಕು, ಮಕ್ಕಳಾಗಬೇಕು, ಅವರನ್ನು ಶಾಲೆಗೆ ಕಳುಹಿಸಬೇಕು. ಹಲವು ಸಂಸ್ಥಾನಗಳಲ್ಲಿ ಗಾಡಿ ನಡೆಸುವ ಲೈಸೆನ್ಸಿನ ಅವಧಿಯೂ ಪರವಾನಗಿಯ ಅವಧಿಯೊಡನೆಯೆ ತೀರುವುದರಿಂದ, ಕಾಗದವು ತಡವಾದರೆ ಮಾರ್ಕೆಟ್ಟಿಗೆ ಹೋಗುವುದಕ್ಕೂ ತೊಡಕು. ಕೆಲಸ ಹೋದರೆ ಹೆಚ್ಚೆಂದರೆ 60 ದಿನಗಳೊಳಗೆ ಇನ್ನೊಬ್ಬ ಯಜಮಾನನನ್ನು ಹುಡುಕಬೇಕು, ಇಲ್ಲವಾದರೆ ಬೇರೊಂದು ಪರವಾನಗಿ, ಅದೂ ಇಲ್ಲವಾದರೆ ಗಂಟುಮೂಟೆ. 2017ಕ್ಕೆ ಮೊದಲು ಆ ದಿನಗಳೂ ಇರಲಿಲ್ಲ. ಹೆಂಡತಿಯು ಎಷ್ಟು ಓದಿದವಳಾದರೂ 2015ರವರೆಗೆ ಗಂಡನ ಪರವಾನಗಿಯ ಆಶ್ರಯದಲ್ಲಿರುವಷ್ಟು ದಿನವೂ ಸಂಬಳದ ಕೆಲಸ ಮಾಡುವಂತಿರಲಿಲ್ಲ. ಆ ವರ್ಷದ ನಿಯಮದಿಂದ ಕೆಲವರಿಗೆ ಮಾತ್ರ ಅವಕಾಶವಾಯಿತು. ಎಲ್ಲಕ್ಕಿಂತ ಕಠಿನವಾದದ್ದು ಮಕ್ಕಳ ವಿಷಯ. ಎರಡು ಮೂರು ವರ್ಷದ ಕೂಸಾಗಿ ಇಲ್ಲಿಂದ ಹೋದ ಮಗುವು ಅಲ್ಲಿಯೆ ಬೆಳೆದು, ಅಲ್ಲಿನ ಮಾತನ್ನೆ ತನ್ನ ಮಾತನ್ನಾಗಿ ಮಾಡಿಕೊಂಡು, 21 ವರ್ಷ ತುಂಬಿದ ದಿನ ತಂದೆಯ ಅರ್ಜಿಯ ನೆರಳಿನಿಂದ ಹೊರಗೆ ಬೀಳುತ್ತದೆ. 2002ರ ಒಂದು ಕಾನೂನು ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ಕಳೆಯುವುದಕ್ಕೆ ಒಪ್ಪಿರುವುದಾದರೂ, ಇಷ್ಟು ಉದ್ದದ ಸಾಲಿಗೆ ಅದು ಸಾಲದು. ತಂದೆತಾಯಿಗಳಿಗೆ ಪತ್ರ ಬರುವ ಹೊತ್ತಿಗೆ ಮಗನು ಪರದೇಶದ ವಿದ್ಯಾರ್ಥಿಯೆಂಬ ಬೇರೆ ಹೆಸರಿನಿಂದ ಅದೇ ಊರಿನಲ್ಲಿರಬೇಕು, ಅಥವಾ ತಾನು ಕಾಣದ ‘ಸ್ವದೇಶ’ಕ್ಕೆ ಹಿಂದಿರುಗಬೇಕು.

ನನ್ನಲ್ಲಿ ಓದಿದ ಹುಡುಗನೊಬ್ಬನು ಹದಿನಾಲ್ಕು ವರ್ಷಗಳಿಂದ ಅಲ್ಲಿರುವನು. 2022ರಲ್ಲಿ ಅವನ ತಾಯಿ ಇಲ್ಲಿ ತೀರಿಕೊಂಡಳು. ಅವನ ಪರವಾನಗಿಯು ಊರ್ಜಿತವಾಗಿತ್ತು; ಆದರೆ ಪಾಸ್ಪೋರ್ಟಿನಲ್ಲಿ ಒತ್ತಿದ್ದ ವೀಸಾ ಮುದ್ರೆಯ ಅವಧಿಯು ತೀರಿತ್ತು. ಇವೆರಡೂ ಬೇರೆಯೆಂಬುದನ್ನು ಅವನು ಎರಡು ಸಲ ಹೇಳಿದ ಮೇಲೆ ನನಗೆ ತಿಳಿಯಿತು. ಆ ದೇಶದೊಳಗೆ ಇರುವುದಕ್ಕೆ ಪರವಾನಗಿ ಸಾಕು, ಹೊರಗೆ ಹೋದವನು ಮರಳಿ ಒಳಗೆ ಬರುವುದಕ್ಕೆ ಮುದ್ರೆ ಬೇಕು. ಆ ಮುದ್ರೆಯನ್ನು ಒತ್ತಿಸಿಕೊಳ್ಳುವುದಕ್ಕೆ ಹೊರಗೇ ಹೋಗಬೇಕು. 2004ರವರೆಗೆ ಅಲ್ಲಿಯೆ ಇದ್ದುಕೊಂಡು ಒತ್ತಿಸುವುದಕ್ಕೆ ಸಾಧ್ಯವಿತ್ತಂತೆ. ಆಮೇಲೆ ಅದು ನಿಂತಿತು, 2024ರ ಆರಂಭದಲ್ಲಿ ಕೆಲವು ವಾರಗಳ ಮಟ್ಟಿಗೆ ಪ್ರಯೋಗವಾಗಿ ನಡೆಯಿತು. ಅವನ ತಾಯಿ ತೀರಿದ ಸಮಯದಲ್ಲಿ ಇಲ್ಲಿ ಸಂದರ್ಶನದ ದಿನವು ಅನೇಕ ತಿಂಗಳ ಆಚೆಗೆ ಇತ್ತು. ಬಂದರೆ ಕೆಲಸವು ಉಳಿಯುವುದು ಸಂದೇಹ. ಕೆಲಸ ಹೋದರೆ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಎಲ್ಲರ ನೆಲೆಯೂ ಹೋಗುವುದು. ಅವನು ಬರಲಿಲ್ಲ. ತಮ್ಮನು ಕರ್ಮವನ್ನು ಮಾಡಿದನು. ಹತ್ತನೆಯ ದಿನ ಧರ್ಮೋದಕ ಬಿಡುವಾಗ ಹುಡುಗರು ಮೊಬೈಲನ್ನು ಎತ್ತಿ ಹಿಡಿದಿದ್ದರು. ಅತ್ತ ಕಡೆ ರಾತ್ರಿ. ಅವನು ಸ್ನಾನ ಮಾಡಿ ಒದ್ದೆಬಟ್ಟೆಯಲ್ಲಿಯೆ ನಿಂತಿದ್ದನು. ಜಗಲಿಯಲ್ಲಿ ಕುಳಿತ ಹಿರಿಯರೊಬ್ಬರು, ‘ತಾಯಿಗಿಂತ ಡಾಲರು ಹೆಚ್ಚಾಯಿತೇನೊ’ ಎಂದರು. ದೂರದೇಶದಲ್ಲಿ ಜ್ಯೇಷ್ಠನಿರುವಾಗ ಕನಿಷ್ಠನು ಮಾಡಬಹುದೆಂದು ಧರ್ಮಶಾಸ್ತ್ರಗಳು ಒಪ್ಪಿವೆಯೆಂದು ನಾನು ಅವರಿಗೆ ಹೇಳಿದೆನು. ಅವರು ಕೇಳಿದ್ದು ಶಾಸ್ತ್ರವನ್ನಲ್ಲವೆಂಬುದು ನಿಜ. ಆದರೆ ಆ ಮಾತಿನಲ್ಲಿ ನ್ಯಾಯವಿಲ್ಲ. ಹೆತ್ತ ತಾಯಿಯ ಋಣವನ್ನೂ ತಾನು ಹುಟ್ಟಿಸಿದ ಮಕ್ಕಳ ಹೊಣೆಯನ್ನೂ ಒಂದರೆದುರಿಗೆ ಒಂದನ್ನು ತಂದು ನಿಲ್ಲಿಸಿದವನು ಅವನಲ್ಲ.

ಇಲ್ಲಿ ಪೂರ್ವಪಕ್ಷವನ್ನು ಅಲಕ್ಷ್ಯ ಮಾಡುವಂತಿಲ್ಲ. ಅವನು ತಾನಾಗಿ ಹೋದವನು; ಹೋಗುವಾಗಲೆ ಹಂಗಾಮಿಯೆಂದು ತಿಳಿದಿತ್ತು; ಸಹಿಸದಿದ್ದರೆ ಮರಳಿ ಬರಬಹುದು; ತನ್ನ ಮನೆಗೆ ಯಾರನ್ನು ಸೇರಿಸಬೇಕೆಂಬುದು ಆಯಾ ದೇಶದ ಪ್ರಜೆಗಳಿಗೆ ಸೇರಿದ್ದು. ಇದರಲ್ಲಿ ಕೊನೆಯ ಮಾತನ್ನು ನಾನು ಪೂರ್ಣವಾಗಿ ಒಪ್ಪುವೆನು. ‘ಬೇಡ’ ಎನ್ನುವ ಅಧಿಕಾರವು ಅವರದು. ಆ ದೇಶವು ಹಿಂದೆ ‘ಬೇಡ’ ಎಂದದ್ದೂ ಉಂಟು: 1917ರ ಕಾನೂನು ನಮ್ಮವರನ್ನು ಹೊರಗಿಟ್ಟಿತು, 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಭಾರತೀಯನು ಪೌರನಾಗಲಾರನೆಂದು ತೀರ್ಮಾನಿಸಿತು, 1946ರಲ್ಲಿ ಬಾಗಿಲು ತೆರೆದಾಗ ವರ್ಷಕ್ಕೆ ನೂರು ಮಂದಿಯೆಂದು ಕಟ್ಟುಮಾಡಿದರು. ಅವೆಲ್ಲ ಕೆಟ್ಟ ಕಾರಣಕ್ಕೆ ಹೇಳಿದ ‘ಬೇಡ’ಗಳು, ಆದರೂ ಕೇಳಿದವನಿಗೆ ತಾನು ನಿಂತಿರುವುದೆಲ್ಲಿ ಎಂಬುದು ತಿಳಿಯುತ್ತಿತ್ತು. ಈಗಿನದು ‘ಬೇಡ’ ಅಲ್ಲ, ‘ಬಾ’ ಎಂಬುದೂ ಅಲ್ಲ. ಜನರು ಇಂಥವರನ್ನು ತ್ರಿಶಂಕುವಿಗೆ ಹೋಲಿಸುವರು. ಹೋಲಿಕೆಯು ಸರಿಯಲ್ಲ. ತ್ರಿಶಂಕುವನ್ನು ಸ್ವರ್ಗದವರು ಕರೆದಿರಲಿಲ್ಲ, ಕಂಡ ಕೂಡಲೆ ಕೆಳಗೆ ತಳ್ಳಿದರು. ಇವನಿಗಾದರೆ ಯಜಮಾನನು ಅರ್ಜಿ ಹಾಕಿ ಕರೆಸಿಕೊಂಡನು, ಸರಕಾರವು ಒಪ್ಪಿ ಮುದ್ರೆಯೊತ್ತಿತು, ವರ್ಷವರ್ಷವೂ ತೆರಿಗೆ ತೆಗೆದುಕೊಂಡಿತು, ನೆಲಸುವುದಕ್ಕೆ ಇವನು ಅರ್ಹನೆಂದು ಬರೆದೂ ಕೊಟ್ಟಿತು. ಉಳಿದಿರುವುದು ಒಳಗೆ ಬರಮಾಡಿಕೊಳ್ಳುವುದೊಂದೆ.

ಮರಳಿ ಬರಬಹುದಲ್ಲ ಎಂಬುದೂ ಮೊದಲ ವರ್ಷದಲ್ಲಿ ಎಷ್ಟು ನಿಜವೋ ಹದಿನೈದನೆಯ ವರ್ಷದಲ್ಲಿ ಅಷ್ಟು ನಿಜವಲ್ಲ. ಸಸಿಯನ್ನು ಕಿತ್ತು ನೆಡಬಹುದು. ಮರವನ್ನು ಕಿತ್ತು ನೆಡುವೆನೆಂದರೆ ನಗುವರು. ಅತಿಥಿಯೆಂಬ ಶಬ್ದದ ಅರ್ಥವನ್ನು ಹೇಳುವಾಗ ಸ್ಮೃತಿಕಾರರು, ಒಂದು ರಾತ್ರಿ ಮಾತ್ರ ತಂಗುವವನು, ಎರಡನೆಯ ತಿಥಿಗೆ ನಿಲ್ಲದವನು ಎಂದು ಬಿಡಿಸಿರುವರು. ಆ ಮಿತಿಯು ಬಂದವನ ಲೋಭಕ್ಕೆ ಹಾಕಿದ ಕಟ್ಟೆಂದು ಸಾಮಾನ್ಯವಾಗಿ ತಿಳಿಯುತ್ತೇವೆ. ಮನೆಯವನಿಗೂ ಅದು ಕಟ್ಟೇ. ಬಹುಕಾಲ ನಿಂತು ಮನೆಯ ದುಡಿಮೆಯಲ್ಲಿ ಕೈಸೇರಿಸಿದವನನ್ನು ಇನ್ನೂ ಅತಿಥಿಯೆಂದು ಕರೆಯುವುದಕ್ಕೆ ಆ ಶಬ್ದವೆ ಒಪ್ಪದು.

ಕಾಯುವಿಕೆಯು ಮನುಷ್ಯನ ಸ್ವಭಾವಕ್ಕೆ ಏನು ಮಾಡುವುದೆಂಬುದು ನನ್ನನ್ನು ಹೆಚ್ಚಾಗಿ ಬಾಧಿಸುವ ವಿಷಯ. ನಮ್ಮವರು ಅಭಯದಾನವನ್ನು ಅನ್ನದಾನಕ್ಕೂ ಮೇಲೆ ಇಟ್ಟರು. 2025ರ ಸೆಪ್ಟೆಂಬರ್ 19ರಂದು, ಹೊಸ ಎಚ್1ಬಿ ಅರ್ಜಿಗೆ ಒಂದು ಲಕ್ಷ ಡಾಲರು ಸಲ್ಲಿಸಬೇಕೆಂದು ಅಲ್ಲಿನ ಅಧ್ಯಕ್ಷರ ಘೋಷಣೆ ಹೊರಟಿತು. ಜಾರಿಗೆ ಬರುವುದಕ್ಕೆ ಎರಡು ದಿನ ಮಾತ್ರ ಇತ್ತು. ರಜೆಗೆ ಊರಿಗೆ ಬಂದಿದ್ದವರು ಮದುವೆಗಳನ್ನು, ಹಬ್ಬಗಳನ್ನು ಬಿಟ್ಟು ವಿಮಾನ ನಿಲ್ದಾಣಗಳಿಗೆ ಓಡಿದರು. ಈಗಾಗಲೆ ಪರವಾನಗಿಯುಳ್ಳವರಿಗೆ ಇದು ತಾಗದೆಂಬ ವಿವರಣೆಯು ಮರುದಿನ ಬಂದಿತು. ಹಾಗೆ ಓಡಿದವರು ಹೇಡಿಗಳಲ್ಲ. ಹಲವು ವರ್ಷಗಳ ಅಭ್ಯಾಸದಿಂದ ಭಯವು ಅವರ ಕಾಲಿಗಿಳಿದಿತ್ತು. ಇಂತಹವನು ಕಚೇರಿಯಲ್ಲಿ ಅನ್ಯಾಯವಾದರೆ ಬಾಯಿ ತೆರೆಯುವನೆ? ಪಕ್ಕದವನಿಗೆ ಅನ್ಯಾಯವಾದರೆ ಸಾಕ್ಷಿ ನುಡಿಯುವನೆ? ವಿನಯವೆಂದು ಪರದೇಶದವರು ನಮ್ಮ ಹುಡುಗರಲ್ಲಿ ಮೆಚ್ಚುವುದರಲ್ಲಿ ಎಷ್ಟು ಭಾಗ ವಿನಯವೊ, ಎಷ್ಟು ಭಾಗ ಅವಧಿ ತೀರುವ ಕಾಗದವೊ!

ಇಷ್ಟು ಕಾಲವಿದ್ದದ್ದೆ ಒಂದು ಹಕ್ಕು ಎಂಬ ತತ್ತ್ವವು ಅಮೆರಿಕದ ಕಾನೂನಿಗೆ ಅಪರಿಚಿತವೇನೂ ಅಲ್ಲ. ಒಂದು ಗೊತ್ತಾದ ತಾರೀಖಿಗೆ ಮೊದಲು ಬಂದು ಎಡೆಬಿಡದೆ ನೆಲಸಿದವನು, ಕಾಗದವಿಲ್ಲದೆ ಬಂದವನಾದರೂ ಸನ್ನಡತೆಯುಳ್ಳವನಾದರೆ, ಅವನ ಹೆಸರನ್ನು ನಿವಾಸಿಗಳ ದಾಖಲೆಗೆ ಸೇರಿಸಬಹುದೆಂದು 1929ರಲ್ಲಿಯೆ ಅವರು ಕಾನೂನು ಮಾಡಿದರು. ಆ ತಾರೀಖನ್ನು ಕಾಲಕಾಲಕ್ಕೆ ಮುಂದಕ್ಕೆ ತಂದರು. 1986ರಲ್ಲಿ ಅದು 1972ರ ಜನವರಿ 1ಕ್ಕೆ ಬಂದು, ಅಲ್ಲಿಯೆ ನಿಂತುಬಿಟ್ಟಿದೆ. ಯಮನ ಲೆಕ್ಕವನ್ನು ಬಲ್ಲ ಜನರು, ಬರೆಯುವುದನ್ನು ನಿಲ್ಲಿಸಿದ್ದಾರೆ.

ಪರರ ಮನೆಯ ಹೊಸ್ತಿಲನ್ನು ಇಷ್ಟು ಹೊತ್ತು ನೋಡಿದ ಮೇಲೆ ನಮ್ಮದನ್ನೂ ನೋಡಬೇಕಲ್ಲವೆ? ನಮ್ಮ ಜಿಲ್ಲೆಯ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನವರು 1960ರ ಸುಮಾರಿನಿಂದ, ಅಂದಿನ ಮೈಸೂರು ಸರಕಾರವು ಕೊಟ್ಟ ನೆಲದಲ್ಲಿ ಜೋಳ ಬೆಳೆದುಕೊಂಡಿದ್ದಾರೆ. ಅನ್ನವನ್ನೂ ನೆಲವನ್ನೂ ನಾವು ಕೊಟ್ಟೆವು. ಯಾರೂ ಅವರನ್ನು ಹಸಿದಿಡಲಿಲ್ಲ. ಆದರೆ ಅವರು ಪರದೇಶದವರೆಂಬ ನೋಂದಣಿ ಪತ್ರವನ್ನು ಇಟ್ಟುಕೊಂಡು ನಿಯತಕಾಲಕ್ಕೆ ನವೀಕರಿಸುತ್ತಿರಬೇಕು. ಇಲ್ಲಿಯೆ 1950ರಿಂದ 1987ರ ಜೂನ್ ಕೊನೆಯವರೆಗೆ ಹುಟ್ಟಿದವರು ಪೌರತ್ವದ ಕಾನೂನಿನ ಪ್ರಕಾರ ಜನ್ಮದಿಂದಲೆ ಭಾರತೀಯರು. ಆದರೂ ಅದನ್ನು ಒಪ್ಪಿಸಿಕೊಳ್ಳುವುದಕ್ಕೆ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು; 2013ರಲ್ಲಿ ನಮ್ಮ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಅವರಲ್ಲಿ ಕೆಲವರು ತಾವಾಗಿಯೆ ಪೌರತ್ವವನ್ನು ಬೇಡವೆನ್ನುವರು, ತಮ್ಮ ದೇಶಕ್ಕೆ ಮರಳುವ ಆಸೆಯು ಕಾಗದದೊಡನೆ ಹೋದೀತೆಂದು. ಅದು ಬೇರೆಯೆ ಆದ ಪ್ರಶ್ನೆ, ಗೌರವಿಸತಕ್ಕದ್ದು. ಬೇಕೆನ್ನುವವರ ವಿಷಯದಲ್ಲಿ ಅರುವತ್ತು ವರ್ಷಗಳ ಲೆಕ್ಕವನ್ನು ನಾವು ಹೇಗೆ ಬರೆದಿದ್ದೇವೆ ಎಂಬುದನ್ನು ಪಿರಿಯಾಪಟ್ಟಣ, ಕುಶಾಲನಗರಗಳ ಕಡೆಯ ವಾಚಕರು, ಅವರೊಡನೆ ದಿನವೂ ವ್ಯವಹರಿಸುವವರು, ಈ ಪತ್ರಿಕೆಗೆ ಬರೆದು ತಿಳಿಸುವುದಾದರೆ ನಾನು ಕೃತಜ್ಞನಾಗಿರುವೆನು.