ನಾಚಿಕೆಯ ಬೆಲೆ

ಸ್ವಂತ ರಕ್ತದ ಪ್ಲೇಟ್‌ಲೆಟ್ ಅಥವಾ ಕಾಂಡಕೋಶಗಳನ್ನು ಚುಚ್ಚಿ ನಿಮಿರು ದೌರ್ಬಲ್ಯ ನೀಗಿಸುತ್ತೇವೆ ಎನ್ನುವ ಜಾಹೀರಾತುಗಳಿವೆ. ಹಾಳಾದ ರಕ್ತನಾಳ, ನರಗಳು ಇದರಿಂದ ಚೇತರಿಸಿಕೊಳ್ಳಬಹುದೆಂಬುದು ಸಂಶೋಧಕರ ನಿರೀಕ್ಷೆ, ಅದಿನ್ನೂ ಸಾಬೀತಾಗಿಲ್ಲ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಇವೆರಡನ್ನೂ ಪ್ರಾಯೋಗಿಕವೆಂದೇ ಕರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಇಂಥ ತೊಂದರೆಗೆ ಕಾಂಡಕೋಶ ನೀಡುವಂತಿಲ್ಲ.

ರೋಗಿಯೇ ಒಪ್ಪಿ ಹಣ ಕೊಟ್ಟರೆ ತಪ್ಪೇನು ಎನ್ನಬಹುದು. ಆದರೆ ನಾಚಿಕೆಯಿಂದ ಹೆಂಡತಿಗೂ ಹೇಳದೆ ಬಂದವನು ಯಾರನ್ನು ಕೇಳಿ ಒಪ್ಪಿದ? ಮೋಸಹೋದರೂ ಆತ ದೂರು ಕೊಡಲಾರ. ಆ ಮೌನವೇ ವ್ಯಾಪಾರದ ಬಂಡವಾಳ.

ಈ ತೊಂದರೆ ಸಕ್ಕರೆ ಕಾಯಿಲೆ, ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದು. ಮುಚ್ಚಿಟ್ಟರೆ ಹೋಗುವುದು ಹಣ ಮಾತ್ರವಲ್ಲ, ಜೀವವೂ. ಇನ್ನೊಬ್ಬನ ಗಂಡಸುತನವನ್ನು ಲೇವಡಿ ಮಾಡಿ ನಗುವ ನಾವೂ ಆ ವ್ಯಾಪಾರದಲ್ಲಿ ಪಾಲುದಾರರಲ್ಲವೇ?