ಗುತ್ತಿಗೆಗೆ ಹೋದ ಬಿಸಿಲು

ಬರಗಾಲಕ್ಕೆ ಜಾತಿ ಇಲ್ಲ, ಬಿಸಿಲಿಗೆ ಜಾತಿ ಇಲ್ಲ, ಭೂಮಿ ಬಿಸಿಯಾದರೆ ಎಲ್ಲರೂ ಒಟ್ಟಿಗೇ ಬೇಯುತ್ತೇವೆ ಎಂದು ಹೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕಾಲೇಜಿನ ವಿಚಾರ ಸಂಕಿರಣಗಳಲ್ಲಿ, ಪತ್ರಿಕೆಗಳ ಸಂಪಾದಕೀಯಗಳಲ್ಲಿ, ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ಸಮಾರಂಭಗಳಲ್ಲಿ ಈ ಮಾತು ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ಮಾತೇನೋ ಚೆನ್ನಾಗಿಯೇ ಇದೆ. ಆದರೆ ಇಂಥ ಮಾತು ಕೇಳಿದಾಗಲೆಲ್ಲ ನಮಗೆ ಗುಮಾನಿ. ದೇವರ ಮುಂದೆ ಎಲ್ಲರೂ ಸಮಾನರು ಎಂದವರೇ ನಮ್ಮನ್ನು ಗುಡಿಯ ಹೊರಗೆ ನಿಲ್ಲಿಸಿದ್ದು. ಸಾವಿಗೆ ಜಾತಿ ಇಲ್ಲ ಎನ್ನುವ ಊರುಗಳಲ್ಲೇ ಎರಡೆರಡು ಸುಡುಗಾಡು ಇರುವುದು. ಆದ್ದರಿಂದ ಈ 'ಎಲ್ಲರೂ' ಎಂಬ ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕಾಗಿದೆ.

ಭೂಮಿ ಬಿಸಿಯಾಗುತ್ತಿರುವುದು ಸುಳ್ಳು ಎಂದು ನಾವು ಹೇಳುತ್ತಿಲ್ಲ. ಅಂಥ ದಡ್ಡತನ ನಮಗೆ ಬೇಡ. ಯುರೋಪಿನಲ್ಲಿ ಕಲ್ಲಿದ್ದಲ ಯಂತ್ರಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಕ್ಕೆ 280 ಭಾಗದಷ್ಟಿದ್ದ ಇಂಗಾಲದ ಡೈ ಆಕ್ಸೈಡ್ ಇವತ್ತು 420ನ್ನು ದಾಟಿದೆ. ಆ ಹಳೆಯ ಕಾಲದ ಶಾಖಕ್ಕಿಂತ ಒಂದೂವರೆ ಡಿಗ್ರಿ ಮೇಲೆ ಹೋಗದಂತೆ ತಡೆಯಲು ಯತ್ನಿಸುತ್ತೇವೆ ಎಂದು 2015ರಲ್ಲಿ ಪ್ಯಾರಿಸಿನಲ್ಲಿ ದೇಶದೇಶಗಳೆಲ್ಲ ಸೇರಿ ಒಪ್ಪಿಕೊಂಡವು. 2024ರ ಇಡೀ ವರ್ಷದ ಸರಾಸರಿಯೇ ಆ ಗೆರೆಯನ್ನು ದಾಟಿಬಿಟ್ಟಿತು. ನಮ್ಮಲ್ಲಿ 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಊರುಗಳೊಳಗೆ ನುಗ್ಗಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರವೇ ಬರಪೀಡಿತ ಎಂದು ಸಾರಿತು. ಇಂಥ ನೆರೆಗೆ, ಇಂಥ ಬರಕ್ಕೆ ಇದೊಂದೇ ಕಾರಣ ಅಂತ ಬೆರಳಿಟ್ಟು ಹೇಳಲು ಬರುವುದಿಲ್ಲ. ಆದರೆ ಬಿಸಿಯಾದ ಗಾಳಿ ಹೆಚ್ಚು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಸುರಿಸಿದರೆ ಒಮ್ಮೆಲೇ ಸುರಿಸುತ್ತದೆ, ಸುರಿಸದಿದ್ದರೆ ನೆಲವನ್ನು ಇನ್ನಷ್ಟು ಒಣಗಿಸುತ್ತದೆ ಎಂಬುದು ಹೈಸ್ಕೂಲು ಮಕ್ಕಳಿಗೂ ತಿಳಿಯುವ ವಿಜ್ಞಾನ.

2024ರ ಮಾರ್ಚಿನಲ್ಲಿ ಬೆಂಗಳೂರಿಗೆ ನೀರಿನ ಕೊರತೆ ಬಂದಾಗ ಇಡೀ ದೇಶದ ಪತ್ರಿಕೆಗಳು ಅತ್ತವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಆದೇಶ ಹೊರಟಿತು. ಸರಿ. ಆ ಕಾರು ತೊಳೆಯುವವರು ಯಾರು? ಕಾರಿನ ಮಾಲೀಕರಂತೂ ಅಲ್ಲ. ಬಕೆಟ್ಟಿಗೆ ಇಷ್ಟು ಅಂತ ದುಡಿಯುವ ನಮ್ಮ ಹುಡುಗರಿಗೆ ಆ ಬೇಸಿಗೆಯಲ್ಲಿ ಕೆಲಸ ಹೋಯಿತು. ಬಾವಿಯ ನೀರು ಸಿಗದೆ, ಯಾರಾದರೂ ಮೇಲಿಂದ ಹುಯ್ಯಲಿ ಅಂತ ಬೊಗಸೆ ಒಡ್ಡಿ ನಿಂತ ತಲೆಮಾರುಗಳ ನೀರಿನ ಕೊರತೆಗೆ ಯಾವ ಪತ್ರಿಕೆಯೂ ಅತ್ತದ್ದು ನಮಗೆ ನೆನಪಿಲ್ಲ.

ಇನ್ನೊಂದು ಚಟವನ್ನು ಗಮನಿಸಬೇಕು. ಮಳೆ ಹೆಚ್ಚಾದರೆ ವರುಣನ ಆರ್ಭಟ, ಕಡಿಮೆಯಾದರೆ ವರುಣನ ಮುನಿಸು, ಗುಡ್ಡ ಕುಸಿದರೆ ಪ್ರಕೃತಿಯ ಶಾಪ. ಮನುಷ್ಯರು ಮಾಡಿದ್ದನ್ನು ದೇವರ ಲೆಕ್ಕಕ್ಕೆ ಬರೆಯುವುದು ಈ ದೇಶದ ಹಳೆಯ ಜಾಣತನ. 1934ರಲ್ಲಿ ಬಿಹಾರದಲ್ಲಿ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದಂಡನೆ ಎಂದು ಗಾಂಧೀಜಿ ಹೇಳಿದರು. ಅದು ಅವೈಜ್ಞಾನಿಕ ಎಂದು ರವೀಂದ್ರನಾಥ ಟಾಗೋರರು ಪ್ರತಿಭಟಿಸಿದರು. ಗಾಂಧೀಜಿಯ ಮನಸ್ಸು ನಮ್ಮ ಕಡೆಗೇ ಇತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಪಾಪ ಮಾಡಿದವರು ಸವರ್ಣೀಯರಾದರೆ ಅಸ್ಪೃಶ್ಯರ ಗುಡಿಸಲೂ ಯಾಕೆ ಬೀಳಬೇಕಿತ್ತು? ಶಿಕ್ಷೆ ಎಂಬ ಮಾತು ತಪ್ಪಿತಸ್ಥನ ಮನೆ ಹುಡುಕಿಕೊಂಡು ಹೋಗುವ ಶಿಕ್ಷೆಗೆ ಮಾತ್ರ ಸಲ್ಲುತ್ತದೆ. ಹವಾಮಾನದ ಈ ಕೇಡು ಅಂಥದಲ್ಲ. ಹೊಗೆ ಬಿಟ್ಟವನ ಮನೆಗೆ ಎ.ಸಿ. ಇದೆ. ಕೆಟ್ಟ ಬಿಸಿಲು ಬೀಳುವುದು ಹೊಲದಲ್ಲಿ ಬಗ್ಗಿದ ಬೆನ್ನಿನ ಮೇಲೆ, ಚರಂಡಿಗೆ ಇಳಿದವನ ಮೇಲೆ, ಇಟ್ಟಿಗೆ ಗೂಡಿನ ಮುಂದೆ ನಿಂತವಳ ಮೇಲೆ.

ಇಷ್ಟನ್ನು ಬಹಳ ಜನ ಹೇಳಿದ್ದಾರೆ. ನಮ್ಮ ಗೆಳೆಯರೂ ಪದ್ಯ ಬರೆದಿದ್ದಾರೆ. ಆದರೆ ನಮ್ಮನ್ನು ಹೆಚ್ಚು ಕಾಡುತ್ತಿರುವುದು ಕೇಡಿನ ಹಂಚಿಕೆಯಲ್ಲ, ಪರಿಹಾರದ ಹಂಚಿಕೆ. ಕೇಡು ಹೇಗೂ ಬಡವನ ಮನೆಗೆ ಮೊದಲು ಬರುತ್ತದೆ. ಆ ಕೇಡನ್ನು ತಡೆಯಲು ಸಮಾಜ ಏನು ಮಾಡುತ್ತದೆಯೋ ಅದರ ಲಾಭ ಯಾರ ಮನೆಗೆ ಮೊದಲು ಹೋಗುತ್ತದೆ? ಇದಕ್ಕೆ ದೂರ ಹೋಗಬೇಕಿಲ್ಲ. ತುಮಕೂರು ಜಿಲ್ಲೆಯ ಪಾವಗಡಕ್ಕೆ ಹೋದರೆ ಸಾಕು.

ಪಾವಗಡ ಆಂಧ್ರದ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುವ ಒಣ ಸೀಮೆ. ಕೊಳವೆಬಾವಿಯ ನೀರಲ್ಲಿ ಫ್ಲೋರೈಡು, ಅದನ್ನೇ ಕುಡಿದು ಹಲ್ಲು ಕಂದಿದವರು, ಮೂಳೆ ಬಾಗಿದವರು. ಬೆಳೆ ಅಂದರೆ ಕಡ್ಲೆಕಾಯಿ, ಅದೂ ಮಳೆ ಬಂದರೆ. ಇಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ ಸರ್ಕಾರ ಸೌರ ವಿದ್ಯುತ್ ಪಾರ್ಕು ಮಾಡಿತು. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಜಗತ್ತಿನ ಅತಿ ದೊಡ್ಡ ಸೌರ ಪಾರ್ಕುಗಳಲ್ಲಿ ಒಂದು. ಇದರ ಹೆಗ್ಗಳಿಕೆ ಏನೆಂದರೆ ಇಲ್ಲಿ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರ ಏರಿಕೆ. ಭೂಮಿ ರೈತನ ಹೆಸರಲ್ಲೇ ಉಳಿಯುತ್ತದೆ.

ಇದರಲ್ಲಿ ತಪ್ಪು ಹುಡುಕುವವರನ್ನು ಅಭಿವೃದ್ಧಿ ವಿರೋಧಿ ಅನ್ನುತ್ತಾರೆ. ನಾವು ತಪ್ಪು ಹುಡುಕಲು ಹೊರಟವರಲ್ಲ. ವರ್ಷವರ್ಷವೂ ಬಿತ್ತಿ ಸಾಲ ಕಿತ್ತುಕೊಂಡ ಸಣ್ಣ ರೈತನ ಕೈಗೆ ನಿಶ್ಚಿತವಾಗಿ ದುಡ್ಡು ಬಂದರೆ ನಮಗೆ ಹೊಟ್ಟೆಕಿಚ್ಚಿಲ್ಲ. ಒಂದೆರಡು ಎಕರೆ ಮಂಜೂರಾತಿ ಜಮೀನಿದ್ದ ನಮ್ಮವರು ಕೆಲವರಿಗೂ ಬಂದಿದೆ. ಕಲ್ಲಿದ್ದಲು ಸುಡುವುದು ನಿಲ್ಲಬೇಕು, ಬಿಸಿಲಿನಿಂದ ಕರೆಂಟು ತೆಗೆಯಬೇಕು, ಅದರಲ್ಲೂ ಎರಡು ಮಾತಿಲ್ಲ. ನಮ್ಮ ಪ್ರಶ್ನೆ ಬೇರೆ. ಆ 13 ಸಾವಿರ ಎಕರೆಯಲ್ಲಿ ಕಳೆ ಕೀಳುತ್ತಿದ್ದವರು, ಕಡ್ಲೆಗಿಡ ಕಿತ್ತು ಕಾಯಿ ಬಿಡಿಸುತ್ತಿದ್ದವರು, ಆಡು ಕುರಿ ಮೇಯಿಸುತ್ತಿದ್ದವರು, ಕೊಯ್ಲು ಮುಗಿದ ಮೇಲೆ ಮಣ್ಣು ಕೆದಕಿ ಹಕ್ಕಲು ಆಯುತ್ತಿದ್ದವರು ಯಾವ ಪಟ್ಟಿಯಲ್ಲಿದ್ದಾರೆ? ಗುತ್ತಿಗೆ ಪತ್ರ ಆಗುವುದು ಪಹಣಿ ಇದ್ದವನ ಜೊತೆ. ಇವರಿಗೆ ಪಹಣಿ ಇಲ್ಲ. ಬೇಲಿ ಬಿತ್ತು, ಅಷ್ಟೆ. ಕೆಲವರಿಗೆ ಕಂಟ್ರಾಕ್ಟರ ಕೈಕೆಳಗೆ ಹಲಗೆ ತೊಳೆಯುವ, ಹುಲ್ಲು ಸವರುವ, ರಾತ್ರಿ ಕಾವಲು ಕಾಯುವ ಕೆಲಸ ಸಿಕ್ಕಿತು. ಮಿಕ್ಕವರು ಊರು ಬಿಟ್ಟು ದುಡಿಮೆ ಹುಡುಕಬೇಕಾಯಿತು.

ಪಕ್ಕದ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕವ್ವ ಓದಿದವಳಲ್ಲ. ಈ ಪಾರ್ಕಿನ ವಿಚಾರ ಯಾವುದೋ ಮದುವೆ ಮನೆಯಲ್ಲಿ ಕಿವಿಗೆ ಬಿದ್ದು ನಮ್ಮನ್ನು ಕೇಳಿದಳು: "ಅಲ್ಲ ಕಣ್ ಮಗ, ಬಿಸ್ಲು ಬೀಳಾದು ಎಲ್ರ ನೆತ್ತಿ ಮೇಲೂವೆ. ದುಡ್ಡು ಮಾತ್ರ ಪಾಣಿ ಇರೋರ್ ಮೇಲೇ ಹೆಂಗ್ ಬೀಳ್ತದೆ?" ನಾವು ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದವರು. ಉತ್ತರ ಹೇಳೋಕೆ ಹೋಗಿ ಗೇಣಿ, ಬಂಡವಾಳ, ಹೂಡಿಕೆ ಅಂತೆಲ್ಲ ಶುರು ಮಾಡಿದೆವು. ಅವಳು ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋದಳು.

ಆದರೆ ಪ್ರಶ್ನೆ ಎದ್ದು ಹೋಗಲಿಲ್ಲ. ಯೋಚಿಸಿ ನೋಡಿ. ಈ ಪಾರ್ಕಿನಲ್ಲಿ ಮಣ್ಣಿಗೆ ಏನೂ ಕೆಲಸವಿಲ್ಲ. ಉಳುವುದಿಲ್ಲ, ಬಿತ್ತುವುದಿಲ್ಲ, ಗೊಬ್ಬರ ಇಲ್ಲ. ಮಣ್ಣು ಸುಮ್ಮನೆ ಕಂಬಗಳನ್ನು ಹೊತ್ತುಕೊಂಡು ಬಿದ್ದಿದೆ. ಬಳಕೆಯಾಗುತ್ತಿರುವುದು ಬಿಸಿಲು. ಹಾಗಾದರೆ ಆ 21 ಸಾವಿರ ಬಿಸಿಲಿನ ಬಾಡಿಗೆ. ಬಿಸಿಲು ಯಾರಪ್ಪನ ಸ್ವತ್ತು? ಮೊದಲು ಇದೇ ಬಿಸಿಲು ಪೈರಾಗಿ ಕಣಕ್ಕೆ ಬರುತ್ತಿತ್ತು. ಕಣದಲ್ಲಿ ರಾಶಿಗೆ ಹತ್ತಾರು ಕೈ ಒಡ್ಡುತ್ತಿದ್ದವು: ಬಡಗಿ, ಕಮ್ಮಾರ, ತೋಟಿ, ತಳವಾರ, ಕೊಯ್ದವರು, ತೂರಿದವರು. ನಮ್ಮ ಪಾಲಿಗೆ ಬರುತ್ತಿದ್ದುದು ಕಣ ಗುಡಿಸಿದ ಮಣ್ಣುಗಾಳು. ಆ ಕಾಲ ಚೆನ್ನಾಗಿತ್ತು ಎಂದು ನಾವು ಹೇಳಿದರೆ ನಮ್ಮ ತಾತಂದಿರು ಮಣ್ಣಿನಿಂದ ಎದ್ದು ಬಂದು ಉಗಿಯುತ್ತಾರೆ. ಆ ಒಂದು ಮೊರ ಕಾಳಿಗೆ ವರ್ಷವಿಡೀ ಬಿಟ್ಟಿ ಚಾಕರಿ, ಸತ್ತ ದನ ಎತ್ತುವುದು, ಸಾವಿನ ಸುದ್ದಿ ಹೊತ್ತು ಓಡುವುದು ಎಲ್ಲ ಇತ್ತು. ಅದು ಬೇಡವೇ ಬೇಡ. ಆದರೆ ಒಂದು ಸತ್ಯ ಆ ಕೆಟ್ಟ ಕಾಲದಲ್ಲೂ ಕಣ್ಣಿಗೆ ಕಾಣುತ್ತಿತ್ತು: ರಾಶಿ ಒಬ್ಬನ ದುಡಿಮೆಯಲ್ಲ. ಈಗ ಕಣವೇ ಇಲ್ಲ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತದೆ. ಕೈ ಒಡ್ಡುವುದಕ್ಕೂ ಜಾಗವಿಲ್ಲ.

ಪಹಣಿ ಇವರ ಬಳಿ ಯಾಕಿಲ್ಲ ಎಂಬುದಕ್ಕೂ ಚರಿತ್ರೆ ಇದೆ. 1974ರ ಭೂಸುಧಾರಣೆ ದೇವರಾಜ ಅರಸರ ಕಾಲದ ದೊಡ್ಡ ಕೆಲಸ, ಅದನ್ನು ನಾವು ಹಗುರವಾಗಿ ಆಡುವುದಿಲ್ಲ. ಉಳುವವನೇ ಹೊಲದೊಡೆಯ ಎಂದರು. ಆದರೆ ಕಾನೂನಿನಲ್ಲಿ ಉಳುವವನು ಎಂದರೆ ಗೇಣಿದಾರ. ಅವನು ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಹಾಕಿ ಜಮೀನು ಪಡೆದ. ನಿಜವಾಗಿ ನೇಗಿಲು ಹಿಡಿದಿದ್ದ ಜೀತದಾಳಿಗೆ, ಕೂಲಿಯವನಿಗೆ, ನಾಟಿ ಹಾಕಿದ ಹೆಂಗಸಿಗೆ ಯಾವ ಫಾರಮ್ಮೂ ಇರಲಿಲ್ಲ. ಅವರು ಉಳುತ್ತಿದ್ದರು, ಆದರೆ 'ಉಳುವವರು' ಆಗಿರಲಿಲ್ಲ. ಅಂದು ತಪ್ಪಿದ್ದು ನಲವತ್ತು ವರ್ಷದ ಮೇಲೆ ಮತ್ತೊಮ್ಮೆ ತಪ್ಪಿತು. ಈ ಸಲ ಹೊಲದೊಡೆಯ ಉಳದೆಯೇ ಫಲ ಪಡೆದ. ಉಳುತ್ತಿದ್ದವರಿಗೆ ಉಳುವ ಕೆಲಸವೂ ಹೋಯಿತು.

ಗುತ್ತಿಗೆ ಎಂಬ ಒಳ್ಳೆಯ ಪದದೊಳಗೆ ಇನ್ನೊಂದು ಸೂಕ್ಷ್ಮವಿದೆ, ನಮ್ಮ ಓದಿದ ಗೆಳೆಯರು ಕೂಡ ಅದನ್ನು ಗಮನಿಸಿದಂತಿಲ್ಲ. 2013ರ ಭೂಸ್ವಾಧೀನ ಕಾಯ್ದೆ 'ಬಾಧಿತ ಕುಟುಂಬ' ಎಂದರೆ ಯಾರು ಎಂದು ಹೇಳುವಾಗ ಜಮೀನಿನ ಮಾಲೀಕನನ್ನಷ್ಟೇ ಹೇಳುವುದಿಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಬದುಕುತ್ತಿದ್ದ ಕೃಷಿ ಕೂಲಿಕಾರರನ್ನೂ ಸೇರಿಸುತ್ತದೆ. ಎಷ್ಟೋ ಹೋರಾಟಗಳ ನಂತರ ಕಾನೂನಿನ ಪುಸ್ತಕಕ್ಕೆ ಬಿದ್ದ ಸಾಲು ಅದು. ಆದರೆ ಗುತ್ತಿಗೆ ಸ್ವಾಧೀನವಲ್ಲ. ಸ್ವಾಧೀನವಿಲ್ಲದ ಮೇಲೆ ಬಾಧಿತರೂ ಇಲ್ಲ. ಹೀಗೆ ಯಾರನ್ನೂ ಒಕ್ಕಲೆಬ್ಬಿಸದ ಯೋಜನೆ ಎಂಬ ಬಿರುದು ಬಂತು. ಭೂಮಿ ಇದ್ದವನನ್ನು ಒಕ್ಕಲೆಬ್ಬಿಸಲಿಲ್ಲ, ನಿಜ. ಒಕ್ಕಲೇ ಅಲ್ಲದವನು ಎದ್ದು ಹೋದರೆ ಅದಕ್ಕೆ ಸರ್ಕಾರದ ಬಳಿ ಪದವಿಲ್ಲ.

ಇಷ್ಟು ಹೇಳಿದ ಕೂಡಲೇ ಕೆಲವು ಪರಿಸರವಾದಿ ಮಿತ್ರರು ಮುಖ ಸಿಂಡರಿಸುತ್ತಾರೆ. ಮೊದಲು ಭೂಮಿ ಉಳಿಯಲಿ, ಜಾತಿ ವರ್ಗದ ಜಗಳ ಆಮೇಲೆ ನೋಡೋಣ ಎನ್ನುತ್ತಾರೆ. ಈ 'ಆಮೇಲೆ' ನಮಗೆ ಹೊಸದಲ್ಲ. ಸ್ವರಾಜ್ಯ ಮೊದಲು, ಸಮಾಜ ಸುಧಾರಣೆ ಆಮೇಲೆ ಎಂದು 1895ರಲ್ಲಿ ಪುಣೆಯಲ್ಲಿ ಕಾಂಗ್ರೆಸ್ಸಿನ ಚಪ್ಪರದೊಳಗೆ ಸಾಮಾಜಿಕ ಪರಿಷತ್ತು ಸೇರದಂತೆ ತಡೆದರು. ಬಾಬಾಸಾಹೇಬರು ಅದನ್ನು ಮರೆಯಲಿಲ್ಲ, 1936ರಲ್ಲಿ 'ಜಾತಿ ವಿನಾಶ' ಬರೆಯುವಾಗ ಎತ್ತಿ ತೋರಿಸಿದರು. ಸ್ವರಾಜ್ಯ ಬಂದು ಎಪ್ಪತ್ತೈದು ವರ್ಷ ಮೇಲಾಯಿತು. ಆಮೇಲೆ ಇನ್ನೂ ಬಂದಿಲ್ಲ. ಮಹಾಡಿನಲ್ಲೂ ಅಷ್ಟೇ. 1923ರಲ್ಲಿ ಮುಂಬಯಿ ಶಾಸನಸಭೆಯ ನಿರ್ಣಯವಾಗಿತ್ತು, ಚವದಾರ ಕೆರೆ ಎಲ್ಲರದು ಎಂದು ಪುರಸಭೆಯೂ ಒಪ್ಪಿತ್ತು. ಆದರೂ 1927ರ ಮಾರ್ಚ್ 20ರಂದು ಅವರೇ ಮುಂದಾಗಿ ಇಳಿದು ಬೊಗಸೆ ನೀರು ಕುಡಿಯಬೇಕಾಯಿತು. ಕುಡಿದ ಮೇಲೆ ಕೆರೆಗೆ ಸೆಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಎಲ್ಲರದು ಎಂದು ಬರೆದಿಟ್ಟ ಮಾತ್ರಕ್ಕೆ ಎಲ್ಲರದಾಗುವುದಿಲ್ಲ. ನೀರಿನ ವಿಷಯದಲ್ಲಿ ಇದನ್ನು ಕಲಿತವರು ಬಿಸಿಲಿನ ವಿಷಯದಲ್ಲಿ ಯಾಕೆ ಮೈಮರೆಯಬೇಕು?

ಹೊರದೇಶಗಳ ಜೊತೆ ಮಾತಾಡುವಾಗ ನಮ್ಮ ಸರ್ಕಾರಗಳಿಗೆ ನ್ಯಾಯ ಚೆನ್ನಾಗಿ ಗೊತ್ತು. ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್ ಬಿಡುತ್ತಾನೆ, ನಮ್ಮವನು 2 ಟನ್ ಮಾತ್ರ, ಆದ್ದರಿಂದ ಕೆಡಿಸಿದವನು ಕೊಡಬೇಕು ಎಂದು ವಾದಿಸುತ್ತವೆ. ವಾದ ಸರಿ. 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ನಷ್ಟ ತುಂಬಿಕೊಡುವ ನಿಧಿಯೊಂದಕ್ಕೆ ಒಪ್ಪಿಗೆಯೂ ಆಯಿತು. ಆದರೆ ಆ 2 ಟನ್ ಎಂಬ ಸರಾಸರಿ ಇಷ್ಟು ಕಡಿಮೆ ಇರುವುದು ಯಾರಿಂದ? ಒಂದು ಬಲ್ಬಿನ ಗುಡಿಸಲಿನಲ್ಲಿ ಮಲಗುವವರಿಂದ. ಅಲ್ಲಿ ನಮ್ಮ ಬಡತನವನ್ನು ಲೆಕ್ಕಕ್ಕೆ ತೋರಿಸಿ ದೇಶಕ್ಕೆ ಹಕ್ಕು ಕೇಳುತ್ತಾರೆ. ಇಲ್ಲಿ ಆ ಹಕ್ಕಿನ ದುಡ್ಡು ಬಂದಾಗ ಪಹಣಿ ತನ್ನಿ ಎನ್ನುತ್ತಾರೆ. ಜಗತ್ತಿಗೆ ಹೇಳುವ ನ್ಯಾಯ ಊರೊಳಗೆ ಯಾಕೆ ನಡೆಯಬಾರದು?

2030ರ ಹೊತ್ತಿಗೆ ಕಲ್ಲಿದ್ದಲು, ತೈಲಗಳಿಂದಲ್ಲದ ವಿದ್ಯುತ್ತಿನ ಸಾಮರ್ಥ್ಯವನ್ನು 500 ಗಿಗಾವಾಟ್‌ಗೆ ಏರಿಸುವುದಾಗಿ ದೇಶ ಮಾತು ಕೊಟ್ಟಿದೆ. ಅಂದರೆ ಪಾವಗಡದಂಥವು ಇನ್ನೂ ಬರುತ್ತವೆ, ಅದೂ ಒಣ ಸೀಮೆಗಳಿಗೇ, ನಮ್ಮ ಕೇರಿಗಳಿರುವ ಕಡೆಗೇ. ಬರಲಿ. ಗಣಿ ತೋಡುವ ಕಡೆ 2015ರಿಂದ ಜಿಲ್ಲಾ ಖನಿಜ ನಿಧಿ ಎಂದು ಮಾಡಿ, ಗಣಿ ಗುತ್ತಿಗೆದಾರರು ಕಟ್ಟುವ ದುಡ್ಡನ್ನು ಗಣಿಯಿಂದ ಬಾಧೆಪಟ್ಟ ಜನರಿಗಾಗಿ ಇಡಬೇಕೆಂಬ ಕಾನೂನಿದೆ. ಅದು ಎಷ್ಟು ನೆಟ್ಟಗೆ ನಡೆಯುತ್ತಿದೆ ಎಂಬುದು ಬೇರೆ ಮಾತು. ನೆಲದೊಳಗಿನ ಅದಿರಿಗೆ ಇದು ಸಾಧ್ಯವಾದರೆ ನೆಲದ ಮೇಲಿನ ಬಿಸಿಲಿಗೂ ಸಾಧ್ಯ. ಮಾರಿದ ಪ್ರತಿ ಯೂನಿಟ್ಟಿನಲ್ಲಿ ಇಷ್ಟು ಪೈಸೆ ಊರಿನ ಭೂಮಿ ಇಲ್ಲದವರಿಗೆ, ಪಾರ್ಕು ಇರುವಷ್ಟು ಕಾಲ, ದಾನವಾಗಿ ಅಲ್ಲ, ಪಾಲಾಗಿ. ಇದನ್ನು ಕೇಳಲು ಸಂಘಟನೆ ಬೇಕು, ಸಂಘಟನೆಗೆ ದಾಖಲೆ ಬೇಕು. ಅಧಿಕಾರಿಗಳು ಸರ್ವೆ ಚೈನು ಹಿಡಿದು ಬರುವ ಮುಂಚೆಯೇ ಊರಿನ ಶಾಲೆಯ ಮೇಷ್ಟ್ರು, ರಜೆಗೆ ಬಂದ ಹಾಸ್ಟೆಲ್ ಹುಡುಗರು ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಯಾವ ಸರ್ವೆ ನಂಬರಿನ ಹೊಲದಲ್ಲಿ ಯಾರ್ಯಾರು ಕೂಲಿ ಮಾಡಿದರು, ವರ್ಷಕ್ಕೆ ಎಷ್ಟು ದಿನ, ಯಾರ ಆಡು ಕುರಿ ಎಲ್ಲಿ ಮೇಯುತ್ತಿದ್ದವು, ಯಾವ ಹೆಂಗಸರು ಎಲ್ಲಿ ಸೌದೆ ಆರಿಸುತ್ತಿದ್ದರು. ಎದುರಿಗೆ ಅವರ ಸಹಿ, ಇಲ್ಲವೇ ಹೆಬ್ಬೆಟ್ಟು. ಗ್ರಾಮಸಭೆಯಲ್ಲಿ ಓದಿ ನಡಾವಳಿ ಪುಸ್ತಕಕ್ಕೆ ಸೇರಿಸಿ ಅಂತ ಪಟ್ಟು ಹಿಡಿಯಲಿ. ಮೂರು ವರ್ಷದ ಲೆಕ್ಕ ಸಿಕ್ಕರೂ ಸಾಕು, 2013ರ ಕಾಯ್ದೆ ಕೇಳುವುದೂ ಅಷ್ಟನ್ನೇ.